ರಾತ್ರಿಗೆ ಮೂರು ಗುಂಟೆ

ಶಿರಾ ತಾಲ್ಲೂಕಿನಲ್ಲಿ ನಮ್ಮದು 2 ಎಕರೆ ಖುಷ್ಕಿ, ಅಂದರೆ ಮಳೆ ನೆಚ್ಚಿದ ಹೊಲ. ಕೆಂಪು ಮರಳು ಮಣ್ಣು. ಹದ ಮಳೆ ಬಿದ್ದರೂ ನಾಲ್ಕು ದಿನಕ್ಕೆ ಆರಿಹೋಗುತ್ತೆ. ಮನೇಲಿ ದನ ಎರಡೇ, ತಿಪ್ಪೆ ಗೊಬ್ಬರ ಅರ್ಧ ಎಕರೆಗೂ ಸಾಲದು. ಅಪ್ಪ ಇದ್ದಾಗ ಗೊಬ್ಬರಕ್ಕೆ ಅಂತ ರಾತ್ರಿ ಹೊತ್ತು ಹೊಲದಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದರು. ನಾನು ಯೂರಿಯಾ ನೆಚ್ಚಿಕೊಂಡು ಬಿಟ್ಟಿದ್ದೆ. ಮಳೆ ಕೈಕೊಟ್ಟ ವರ್ಷ ಯೂರಿಯಾನೂ ದಂಡ, ಅಂಗಡಿ ಸಾಲ ಮಾತ್ರ ಉಳೀತು. ಮರು ಬೇಸಿಗೆಗೆ ಮಂದೆ ಕರೆಸಿದೆ.

300 ಕುರಿ ಒತ್ತಾಗಿ ಮಲಗಿದರೆ ರಾತ್ರಿಗೆ 3 ಗುಂಟೆ. ಎಕರೆ ಅಂದರೆ 40 ಗುಂಟೆ, 13–14 ರಾತ್ರಿ ಬೇಕು. ರಾತ್ರಿಗಿಷ್ಟು ಅಂತ ದುಡ್ಡು, ಕುರಿಯವರ ಊಟಕ್ಕೆ ರಾಗಿ. ಮಾಗಿ ಉಳುಮೆ ಆದ ಹೊಲದಲ್ಲೇ ನಿಲ್ಲಿಸಬೇಕು, ಉಚ್ಚೆ ಇಂಗೋದಕ್ಕೆ. ಹಿಕ್ಕೆ ಕಣ್ಣಿಗೆ ಕಾಣುತ್ತೆ, ಆದರೆ ಅರ್ಧ ಸತ್ವ ಇರೋದು ಉಚ್ಚೆಯಲ್ಲಿ. ಬಿಸಿಲೇರಿದಾಗ ಮೂಗಿಗೆ ಘಾಟು ಹೊಡೆಯುತ್ತಲ್ಲ, ಅದು ನಾವು ದುಡ್ಡು ಕೊಟ್ಟ ಸಾರಜನಕ ಗಾಳಿಗೆ ಹೋಗ್ತಿರೋದು. ಹಾಗಾಗಿ ಮಂದೆ ಎದ್ದ ತಕ್ಷಣ ಎಲ್ಲಾ ಮಣ್ಣಲ್ಲಿ ಬೆರೆಯೋ ಹಾಗೆ ಅಷ್ಟು ಜಾಗಕ್ಕೆ ಕುಂಟೆ ಹೊಡೆದುಬಿಡ್ತೀನಿ.

ಮೊದಲ ಸಲ ಒಂದು ಎಡವಟ್ಟು ಮಾಡಿದೆ. ಮಂದೆ ಸುತ್ತ ಹಾಕೋ ಬಲೆನ ದಿನಾ ಕಿತ್ತು ಕಟ್ಟೋದು ಯಾಕೆ ಅಂತ ಒಂದೇ ಕಡೆ ಮೂರು ರಾತ್ರಿ ಬಿಡಿಸಿದೆ. "ಬ್ಯಾಡ ಕಣಣ್ಣ, ರಾಗಿ ಮಲಗಿಬಿಡ್ತದೆ" ಅಂದ ಕುರಿಯವ. ಕೇಳಲಿಲ್ಲ. ಆ ಜಾಗದಲ್ಲಿ ಪೈರು ಕಡುಹಸಿರಾಗಿ ಸೊಕ್ಕಿ ಬೆಳೆದು, ತೆನೆ ಬಲಿಯೋ ಹೊತ್ತಿಗೆ ಪೂರ್ತಿ ನೆಲಕ್ಕೆ ಒರಗಿತ್ತು.

ಕೆರೆ ಗೋಡೂ (ಕೆರೆಯ ಹೂಳು ಮಣ್ಣು) ಹೊಡೆಸಿದ್ದೀನಿ, ಮರಳು ಜಾಸ್ತಿ ಇರೋ ಮೇಲ್ಗಡೆ ಪಟ್ಟೆಗೆ ಮಾತ್ರ. ಬೇಸಿಗೇಲೇ ತಂದು ಗುಡ್ಡೆ ಹಾಕಿ, ಹೆಂಟೆ ಒಣಗಿ ಪುಡಿಯಾದ ಮೇಲೆ ಹರಡಬೇಕು. ಗೋಡು ಬಿದ್ದ ಕಡೆ ರಾಗಿ ಬಾಡೋದು ನಿಧಾನ. ಇನ್ನು ಅಕ್ಕಡಿ: ಆರು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ. ಇದನ್ನು ಅಪ್ಪನೂ ಬಿಟ್ಟಿರಲಿಲ್ಲ, ನಾನೂ ಬಿಟ್ಟಿಲ್ಲ. ಸಾರಿಗೆ ಅವರೆಕಾಯಿ ಬೇಕಲ್ಲ!

ಮಂದೆಯಿಂದ ಒಂದು ತಲೆನೋವು ಇದೆ, ಅದನ್ನೂ ಹೇಳಿಬಿಡ್ತೀನಿ. ಬೇಸಿಗೇಲಿ ಕುರಿಗಳು ತಿನ್ನೋದು ಬಳ್ಳಾರಿ ಜಾಲಿ ಕಾಯಿ. ಬೀಜ ಅರಗಲ್ಲ, ಹಿಕ್ಕೆ ಜೊತೆ ಹೊಲಕ್ಕೆ ಬೀಳುತ್ತೆ. ಮುಂಗಾರಿನ ಮೊದಲ ಮಳೆಗೆ ಎರಡೆರಡು ಎಲೆ ಬಿಟ್ಟ ಸಸಿ ಎದ್ದಿರುತ್ತವೆ. ನೆಲ ಹಸಿ ಇರೋವಾಗಲೇ ನಾನೂ ನನ್ನ ಹೆಂಡ್ತಿನೂ ಕೈಯಲ್ಲೇ ಕೀಳ್ತೀವಿ. ಹದಿನೈದು ದಿನ ತಡವಾದರೆ ಗುದ್ದಲಿ ಬೇಕು.