ಸತ್ತ ಮೇಲೂ ಬದುಕು ಬೇಕೇ? ಕಟ್ಟೆಯ ಮೇಲೆ ಕೂತು ಕೇಳುವ ಕ್ರಮ

ಸತ್ತ ಮೇಲೆ ಏನಾದರೂ ಇದೆಯೇ ಎಂದು ಕೇಳಿದರೆ ಕೊಪ್ಪಳ, ರಾಯಚೂರು ಕಡೆಯ ಯಾವ ಊರಲ್ಲೂ ಉತ್ತರಕ್ಕೆ ಬರವಿಲ್ಲ. ಅದು ನಿಮಗೆ ಬೇಕೇ ಎಂದು ಕೇಳುವವರು ಕಡಿಮೆ. ಮೊದಲನೆಯದು ನಂಬಿಕೆಯ ಪ್ರಶ್ನೆ, ಎರಡನೆಯದು ಆಸೆಯ ಪ್ರಶ್ನೆ. ನರಕ ಇದೆಯೆಂದು ಗಟ್ಟಿಯಾಗಿ ನಂಬಿದವರೇ ಅದು ಇಲ್ಲದಿದ್ದರೆ ಚೆನ್ನಾಗಿತ್ತು ಅಂದುಕೊಳ್ಳಬಹುದು. ಮಣ್ಣು ಮಣ್ಣಿಗೆ ಸೇರಿದರೆ ಮುಗಿಯಿತು ಎನ್ನುವವರೇ ತೀರಿಹೋದ ಅವ್ವನನ್ನು ಒಮ್ಮೆ ಕಾಣಲು ಹಂಬಲಿಸಬಹುದು. ಎಂಟು ಹತ್ತು ಜನರನ್ನು ಕೂಡಿಸಿ ಈ ಎರಡನೆಯ ಪ್ರಶ್ನೆ ಕೇಳುವ ಬಗೆ ಇಲ್ಲಿದೆ. ಓದುಗರ ಬಳಗ, ಸ್ವಸಹಾಯ ಸಂಘ, ಕಾಲೇಜಿನ ಹುಡುಗರು, ಯಾರು ಬೇಕಾದರೂ ಮಾಡಬಹುದು.

ಜಾಗ, ಹೊತ್ತು, ಜನ

ಗುಡಿ, ಮಠ, ಮಸೀದಿ, ದರ್ಗಾದ ಅಂಗಳ ಬೇಡ. ಅಲ್ಲಿ ಕೂತವರು ದೇವರಿಗೆ ಕೇಳಿಸುವಂತೆ ಉತ್ತರ ಕೊಡುತ್ತಾರೆ. ಅಗಸಿ ಕಟ್ಟೆ, ಶಾಲೆಯ ಪಡಸಾಲೆ, ಇಲ್ಲವೇ ಮನೆ ಮುಂದಿನ ಕಟ್ಟೆ ಸಾಕು. ರಾಯಚೂರಿನ ಬೇಸಿಗೆಯಲ್ಲಿ ಸಂಜೆ ಆರಕ್ಕೆ ಮುಂಚೆ ಕೂರಬೇಡಿ. ಸೆಕೆಗೆ ಬೇಸತ್ತವರು ಬೇಗ ಮುಗಿಯಲಿ ಎಂದು ಎಲ್ಲದಕ್ಕೂ ಹೂಂ ಅಂದುಬಿಡುತ್ತಾರೆ. ಗಂಗಾವತಿ, ಸಿಂಧನೂರು ಕಡೆ ಭತ್ತದ ನಾಟಿ, ಕೊಯ್ಲಿನ ದಿನಗಳನ್ನು ಬಿಡಿ. ಮಹಾಲಯ ಅಮಾವಾಸ್ಯೆಯ ಹಿಂದಿನ ಹದಿನೈದು ದಿನವೂ ಬೇಡ: ಹಿರಿಯರಿಗೆ ಎಡೆ ಇಟ್ಟ ಕೈ ಸತ್ತ ಮೇಲೆ ಏನೂ ಬೇಡ ಎಂದು ಹೇಳಲು ಹಿಂಜರಿಯುತ್ತದೆ. ಸಾವಾದ ಮನೆಯವರನ್ನು ಆರು ತಿಂಗಳ ಮಟ್ಟಿಗಾದರೂ ಕರೆಯಬೇಡಿ.

ಗುಂಪಿನಲ್ಲಿ 8ರಿಂದ 12 ಜನ ಇರಲಿ. ಆರಕ್ಕಿಂತ ಕಡಿಮೆಯಾದರೆ ಯಾರ ಉತ್ತರ ಯಾವುದೆಂದು ಗೊತ್ತಾಗಿಬಿಡುತ್ತದೆ. ಹನ್ನೆರಡು ದಾಟಿದರೆ ಇಬ್ಬರು ಮಾತಾಡಿ ಉಳಿದವರು ತಲೆಯಾಡಿಸುತ್ತಾರೆ. ಹೆಂಗಸರು, ಗಂಡಸರು ಬೇರೆ ಬೇರೆ ಕೂರಲಿ. ಅತ್ತೆ-ಸೊಸೆ ಒಂದೇ ಗುಂಪಿನಲ್ಲಿ ಬೇಡ. ಕಾರಣ ಮುಂದೆ ತಿಳಿಯುತ್ತದೆ. ನಡೆಸುವವರು ಇಬ್ಬರು: ಒಬ್ಬರು ಕೇಳಬೇಕು, ಇನ್ನೊಬ್ಬರು ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳಬೇಕು. ಎಲ್ಲಕ್ಕೂ ಒಂದೂವರೆ ತಾಸು ಹಿಡಿಯುತ್ತದೆ.

ಯಾವ ಮಾತಿನಲ್ಲಿ ಕೇಳಬೇಕು

ಕೆಲಸ ಹೆಚ್ಚಾಗಿ ಕೆಡುವುದು ಇಲ್ಲೇ. ಸ್ವರ್ಗ ಬೇಕೇ ಎಂದು ಕೇಳಿದರೆ ಸುಖ ಬೇಕೇ ಎಂದು ಕೇಳಿದಂತಾಯಿತು. ಬೇಡ ಎನ್ನುವವರು ಯಾರು? ಪರಲೋಕ ಎಂದರೆ ಬಹಳ ಜನಕ್ಕೆ ಕ್ರೈಸ್ತರ ಪ್ರಾರ್ಥನೆ ನೆನಪಾಗುತ್ತದೆ. ಮೋಕ್ಷ ಎಂಬ ಮಾತು ಇನ್ನೂ ತೊಡಕಿನದು, ಏಕೆಂದರೆ ಒಬ್ಬೊಬ್ಬರಿಗೆ ಅದು ಒಂದೊಂದು. ಮಾನ್ವಿಯ ಜಗನ್ನಾಥದಾಸರು ನಡೆದ ಮಾಧ್ವ ಮತದಲ್ಲಿ ಮುಕ್ತಿ ಪಡೆದ ಜೀವವೂ ದೇವರಿಂದ ಬೇರೆಯಾಗಿಯೇ ಉಳಿಯುತ್ತದೆ, ಅಲ್ಲಿನ ಆನಂದದಲ್ಲೂ ತಾರತಮ್ಯ ಉಂಟು. ಅದ್ವೈತದಲ್ಲಿ ಬೇರೆಯಾದ ‘ನಾನು’ ಎಂಬುದೇ ಉಳಿಯುವುದಿಲ್ಲ. ಲಿಂಗಾಯತರ ಮನೆಯಲ್ಲಿ ಲಿಂಗೈಕ್ಯರಾದರು ಎಂದಾಗ ಜೀವ ಲಿಂಗದಲ್ಲಿ ಒಂದಾಯಿತು ಎಂದರ್ಥ, ಬೇರೊಂದು ಊರಿಗೆ ಹೋಯಿತು ಎಂದಲ್ಲ. ಮುಸ್ಲಿಮರಿಗೆ ಕಿಯಾಮತ್ತಿನ ದಿನ ಎದ್ದು, ಲೆಕ್ಕ ಒಪ್ಪಿಸಿ, ಆಮೇಲೆ ಜನ್ನತ್ತು. ಹಿಂದೆ ಕೊಪಣವೆಂಬ ಹೆಸರಿನಿಂದ ಜೈನರ ತೀರ್ಥವಾಗಿದ್ದ ಕೊಪ್ಪಳದಲ್ಲಿ ಸಲ್ಲೇಖನ, ಅಂದರೆ ಉಪವಾಸವಿದ್ದು ದೇಹ ಬಿಡುವ ವ್ರತ, ಕೈಗೊಂಡವರ ಕೊನೆಯ ಗುರಿ ಮತ್ತೆ ಹುಟ್ಟದಿರುವುದು. ಇಷ್ಟನ್ನೂ ಒಂದೇ ಪದದಲ್ಲಿ ತುರುಕಿ ಬೇಕೋ ಬೇಡವೋ ಎಂದರೆ ಬರುವ ಎಣಿಕೆಗೆ ಅರ್ಥವಿಲ್ಲ.

ಆದ್ದರಿಂದ ಆಡುಮಾತಿನಲ್ಲೇ ಕೇಳಿ: “ಸತ್ತ ಮ್ಯಾಲ ಮತ್ತೊಂದು ಬಾಳೇವು ಐತಿ ಅಂತ ಇಟ್ಕೊಳ್ಳಿ. ಅದು ನಿಮಗ ಬೇಕನಸ್ತೈತೋ, ಬ್ಯಾಡನಸ್ತೈತೋ?” ‘ಇಟ್ಕೊಳ್ಳಿ’ ಎಂಬುದನ್ನು ಒತ್ತಿ ಹೇಳಿ. ಆದರೂ “ಐತ್ರಿ, ಖಂಡಿತ ಐತಿ” ಎಂದು ನಂಬಿಕೆಯನ್ನೇ ಹೇಳುವವರು ಇರುತ್ತಾರೆ. ಅವರಿಗೆ ಒಂದು ಮರುಪ್ರಶ್ನೆ: “ಅದು ಇಲ್ಲ ಅಂತ ನಾಳೆ ಗೊತ್ತಾತಂದ್ರ ನಿಮಗ ಸಂಕಟ ಆಗ್ತೈತೋ, ಸಮಾಧಾನ ಆಗ್ತೈತೋ?” ಆಸೆ ಎಲ್ಲಿದೆಯೆಂಬುದು ಈ ಮಾತಿಗೆ ಹೊರಬರುತ್ತದೆ. ಕೇಳಿದ ಮೇಲೆ ಹತ್ತು ಉಸಿರಿನಷ್ಟು ಹೊತ್ತು ಸುಮ್ಮನಿರಿ. ನಡುವೆ ಬಾಯಿ ಹಾಕಿದರೆ ನಿಮ್ಮ ಮಾತೇ ಉತ್ತರವಾಗಿ ತಿರುಗಿ ಬರುತ್ತದೆ.

ಕಾಳಿನ ಮತ

ಮೊದಲ ಮತವನ್ನು ಚರ್ಚೆಗೆ ಮುಂಚೆಯೇ ಹಾಕಿಸಬೇಕು. ಅಕ್ಷರ ಬಾರದವರೂ ಇರುವುದರಿಂದ ಕಾಳು ಒಳ್ಳೆಯದು: ಜೋಳ ಎಂದರೆ ಬೇಕು, ತೊಗರಿ ಎಂದರೆ ಬೇಡ, ಕಡಲೆ ಎಂದರೆ ಹೇಳಲಾರೆ. ಬರಿಯ ಕಾಳನ್ನು ಗಡಿಗೆಗೆ ಹಾಕಿಸಬೇಡಿ. ಕಡಲೆ ಬಿದ್ದ ಸದ್ದೇ ಬೇರೆ, ಜೋಳ ಬಿದ್ದ ಸದ್ದೇ ಬೇರೆ. ಕಟ್ಟೆಯ ಮೇಲಿದ್ದವರಿಗೆಲ್ಲ ಗುಟ್ಟು ತಿಳಿಯುತ್ತದೆ. ಅಂಗೈ ಅಗಲದ ಕಾಗದದಲ್ಲಿ ಒಂದು ಕಾಳಿಟ್ಟು ಪೊಟ್ಟಣ ಮಡಚಿ ಹಾಕಲಿ. ಮೂರೂ ಕಾಳು ಬೆರೆಸಿದ ಮೊರವನ್ನು ಬಾಗಿಲ ಹಿಂದೆ ಇಟ್ಟು ಒಬ್ಬೊಬ್ಬರನ್ನೇ ಕಳಿಸಿ. ಕೈಗೆ ಮೂರು ಕಾಳು ಕೊಟ್ಟು ಕಳಿಸಿದರೆ ಮುಷ್ಟಿಯಲ್ಲಿ ಉಳಿದ ಎರಡು ಕಾಳೇ ಮೂರನೆಯದರ ಸುದ್ದಿ ಹೇಳುತ್ತವೆ.

ಪೊಟ್ಟಣದ ಮೇಲೆ ಹೆಸರು ಬೇಡ, ಆದರೆ ಒಂದು ಗುರುತು ಬೇಕು: ಹೂವು, ಗಂಟೆ, ಮೀನು, ಯಾವುದಾದರೂ ಸರಿ. ಕೊನೆಯ ಮತದಲ್ಲೂ ಅದೇ ಗುರುತು ಹಾಕಬೇಕು. ಇದನ್ನು ಬಿಟ್ಟರೆ ಎಣಿಕೆ ಮೋಸ ಮಾಡುತ್ತದೆ. ಹತ್ತು ಜನರಲ್ಲಿ ಮೊದಲ ಸಲ ಬೇಕು ಏಳು, ಬೇಡ ಮೂರು. ಕೊನೆಗೂ ಅಷ್ಟೇ ಬಂತೆನ್ನಿ. ಯಾರ ಮನಸ್ಸೂ ಕದಲಲಿಲ್ಲ ಎಂದು ಕಾಣುತ್ತದೆ. ಗುರುತು ಕೂಡಿಸಿ ನೋಡಿದರೆ ಮೂವರು ಈ ಕಡೆಯಿಂದ ಆ ಕಡೆಗೆ, ಬೇರೆ ಮೂವರು ಆ ಕಡೆಯಿಂದ ಈ ಕಡೆಗೆ ದಾಟಿರಬಹುದು. ಅಂದರೆ ಆರು ಜನರ ಮನಸ್ಸು ತಿರುಗಿದೆ.

ಷರತ್ತುಗಳನ್ನು ಒಂದೊಂದಾಗಿ ಹಾಕುವುದು

‘ಮತ್ತೊಂದು ಬಾಳೇವು’ ಎಂದಾಗ ಪ್ರತಿಯೊಬ್ಬರೂ ತಮಗೆ ಬೇಕಾದ ಚಿತ್ರವನ್ನು ತಾವೇ ತುಂಬಿಕೊಂಡಿರುತ್ತಾರೆ. ಅದನ್ನು ಬಿಡಿಸುವುದು ಈ ಹಂತದ ಕೆಲಸ. ಒಂದೊಂದು ಷರತ್ತಿಗೆ ಹತ್ತು ನಿಮಿಷ ಕೊಡಿ.

ಮೊದಲು ಜೊತೆಯಲ್ಲಿ ಯಾರು ಎಂಬುದು. “ಅಲ್ಲೂ ಇದೇ ಗಂಡ, ಇದೇ ಅತ್ತಿ, ಇದೇ ಮನಿ ಇದ್ರ?” ಹೆಂಗಸರ ಗುಂಪಿನಲ್ಲಿ ಮಾತು ಬಿಚ್ಚಿಕೊಳ್ಳುವ ಜಾಗ ಇದು. ಅತ್ತೆ ಎದುರಿಗೆ ಕೂತಿದ್ದರೆ ಬಿಚ್ಚಿಕೊಳ್ಳುವುದಿಲ್ಲ. ಆಮೇಲೆ ಇದನ್ನೇ ತಿರುಗಿಸಿ: ನಿಮಗೆ ಬೇಕಾದವರು ಅಲ್ಲಿ ಇಲ್ಲದಿದ್ದರೆ? ನೀವು ಸುಖದಲ್ಲಿದ್ದು ಮಗ ನರಕದಲ್ಲಿದ್ದರೆ?

ಎರಡನೆಯದು ನೆನಪು. ಮರುಜನ್ಮ ಬೇಕು ಎಂದವರಿಗೆ ಇದನ್ನು ತಪ್ಪದೆ ಕೇಳಿ: ಈ ಜನ್ಮದ ಒಂದು ಮುಖವೂ ನೆನಪಿರದೆ ಬೇರೆ ಊರಲ್ಲಿ, ಬೇರೆ ಜಾತಿಯಲ್ಲಿ ಹುಟ್ಟಿದರೆ ಅದು ನೀವೇ ಹೌದೇ? ಅಂಥ ಹುಟ್ಟಿಗಾಗಿ ಇವತ್ತೇ ಏಕೆ ಆಸೆಪಡಬೇಕು?

ಮೂರನೆಯದು ಕೆಲಸ. ನಾಟಿ ಇಲ್ಲ, ಕಳೆ ಇಲ್ಲ, ಹಸಿವಿಲ್ಲ, ರೊಟ್ಟಿ ಬಡಿಯುವುದಿಲ್ಲ. ದಣಿದವರಿಗೆ ಇದೇ ಸ್ವರ್ಗ. ಆದರೆ “ದಿನಾ ಮುಂಜಾನೆ ಎದ್ದು ಏನು ಮಾಡ್ತೀರಿ?” ಎಂದು ಕೇಳಿ, ಬಂದ ಉತ್ತರವನ್ನು ಬರೆದುಕೊಳ್ಳಿ.

ನಾಲ್ಕನೆಯದು ಕಾಲ. ನೂರು ವರ್ಷ, ಸಾವಿರ ವರ್ಷ, ಕೊನೆಯೇ ಇಲ್ಲ ಎಂದು ಮೂರು ಮೆಟ್ಟಿಲಲ್ಲಿ ಕೇಳಿ. ಕೊನೆಗೆ, ಸಾಕಾದಾಗ ಬಿಟ್ಟು ಹೋಗುವ ಬಾಗಿಲಿದ್ದರೆ ಎಂದು ಸೇರಿಸಿ. ಇದು ನಮಗೆ ಹೊರಗಿಂದ ಬಂದ ಪ್ರಶ್ನೆಯಲ್ಲ. ಕಠೋಪನಿಷತ್ತಿನಲ್ಲಿ ಯಮ ಬೇಕಾದಷ್ಟು ಆಯುಸ್ಸು ಕೇಳಿಕೋ ಎಂದಾಗ ನಚಿಕೇತ ಅದನ್ನು ಒಲ್ಲೆನೆಂದು, ಅತಿ ದೀರ್ಘವಾದ ಬದುಕಿನಲ್ಲಿ ಸುಖಪಡುವವರು ಯಾರು ಎಂದು ಮರಳಿ ಕೇಳುತ್ತಾನೆ. ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್ 1973ರಲ್ಲಿ ಅಚ್ಚಾದ ಪ್ರಬಂಧವೊಂದರಲ್ಲಿ, ಕೊನೆಯಿಲ್ಲದ ಬದುಕಿನಲ್ಲಿ ನಮ್ಮನ್ನು ನಡೆಸುವ ಆಸೆಗಳೇ ಬತ್ತಿಹೋಗುತ್ತವೆ ಎಂದು ವಾದಿಸಿದ. ಆದರೂ ಈ ಹೆಸರುಗಳನ್ನು ಗುಂಪಿನಲ್ಲಿ ಎತ್ತಬೇಡಿ. ದೊಡ್ಡವರ ಮಾತು ಕಿವಿಗೆ ಬಿದ್ದ ಕೂಡಲೇ ಜನ ತಮ್ಮ ಉತ್ತರವನ್ನು ಮಡಚಿ ಇಟ್ಟುಕೊಳ್ಳುತ್ತಾರೆ. “ಆಚಾರವೇ ಸ್ವರ್ಗ” ಎಂಬ ಬಸವಣ್ಣನವರ ಮಾತನ್ನು ಯಾರಾದರೂ ಹೇಳಿದರೆ ಗೌರವದಿಂದ ಕೇಳಿ, ಆಮೇಲೆ “ಸರಿ, ನಿಮಗ?” ಎಂದು ಮುಂದುವರಿಯಿರಿ.

ನಿಮಗೋ, ಹೋದವರಿಗೋ

ಇದಕ್ಕೆ ಮಾತ್ರ ಹೊತ್ತು ಲೆಕ್ಕ ಹಾಕಬೇಡಿ. ಬೇಕು ಎಂದವರನ್ನು, ಇದು ನಿಮಗಾಗಿ ಬೇಕೋ, ತೀರಿಹೋದ ಯಾರಿಗಾದರೂ ಬೇಕೋ ಎಂದು ಮೆಲ್ಲಗೆ ಕೇಳಿ. ಮಗನನ್ನು ಕಳೆದುಕೊಂಡ ತಾಯಿಗೆ ಅವನು ಎಲ್ಲೋ ಒಂದು ಕಡೆ ತಣ್ಣಗಿದ್ದಾನೆ ಎಂಬುದು ಬೇಕಾಗಿರಬಹುದು. ತನಗೆ ಮತ್ತೊಂದು ಬದುಕು ಬೇಡವಾಗಿರಬಹುದು. ಎರಡನ್ನೂ ಒಂದೇ ‘ಬೇಕು’ ಎಂದು ಎಣಿಸಿದರೆ ಆಕೆಯ ಮಾತನ್ನು ಕೇಳಿದಂತಾಗಲಿಲ್ಲ.

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಕಬ್ಬಿಣ ಯುಗದಲ್ಲಿ ಸತ್ತವರಿಗಾಗಿ ಕಟ್ಟಿದ ನೂರಾರು ಕಲ್ಲುಮನೆಗಳಿವೆ. ಸುತ್ತಲಿನವರು ಮೋರೇರ ಮನೆಗಳು ಎನ್ನುತ್ತಾರೆ. ಬಂಡೆಯಿಂದ ಸೀಳಿ ತೆಗೆದ ಚಪ್ಪಡಿಗಳ ಗೋಡೆ, ಮೇಲೊಂದು ಚಪ್ಪಡಿ, ಕೆಲವಕ್ಕೆ ಗೋಡೆಯಲ್ಲಿ ಕೊರೆದ ದುಂಡನೆಯ ಕಂಡಿ. ಅಷ್ಟು ಭಾರದ ಕಲ್ಲು ಎತ್ತಿ ನಿಲ್ಲಿಸಿದ್ದು ಸತ್ತವರಲ್ಲ, ಉಳಿದವರು. ಕೊಪ್ಪಳದ ಗವಿಮಠದ ಅಶೋಕನ ಶಾಸನದ ಮಾತು ಬೇರೆ ದಿಕ್ಕಿನದು: ಪ್ರಯತ್ನಪಟ್ಟರೆ ಚಿಕ್ಕವನೂ ದೊಡ್ಡ ಸ್ವರ್ಗವನ್ನು ಪಡೆಯಬಲ್ಲ ಎಂದು ಅದು ಬದುಕಿರುವವನಿಗೇ ಹೇಳುತ್ತದೆ. ಒಂದು ಇನ್ನೊಬ್ಬರಿಗಾಗಿ ಕಟ್ಟಿದ್ದು, ಇನ್ನೊಂದು ತನಗಾಗಿ ಗಳಿಸುವುದು. ನಿಮ್ಮ ಹಾಳೆಯಲ್ಲೂ ಈ ಎರಡಕ್ಕೆ ಎರಡು ಕಾಲಂ ಇರಲಿ.

ಅಳು ಬಂದರೆ ಪ್ರಶ್ನೆ ನಿಲ್ಲಿಸಿ, ನೀರು ಕೊಡಿ, ಅವರಾಗಿಯೇ ಮಾತಾಡುವ ತನಕ ಕಾಯಿರಿ. ಯಾರಾದರೂ “ಲಗೂನ ಹೋಗಿಬಿಟ್ರ ಸಾಕಾಗೈತಿ” ಎಂಬಂಥ ಮಾತಾಡಿದರೆ ಅದನ್ನು ಉತ್ತರವೆಂದು ಬರೆದುಕೊಳ್ಳಬೇಡಿ. ಕೂಟವನ್ನು ಅಲ್ಲಿಗೇ ಮುಗಿಸಿ, ಅವರೊಬ್ಬರನ್ನೇ ಮನೆಗೆ ಕಳಿಸದೆ ಜೊತೆಗೆ ಹೋಗಿ, ಮನೆಯವರಿಗೆ ತಿಳಿಸಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಯ ಮತ, ಕೊನೆಯ ಪ್ರಶ್ನೆ

ಎರಡನೆಯ ಸಲ ಪೊಟ್ಟಣ ಹಾಕಿಸಿ. ಎಣಿಕೆಯನ್ನು ಅಲ್ಲೇ ಕೂಗಿ ಹೇಳಬೇಡಿ. ಸಣ್ಣ ಊರಲ್ಲಿ ಅದು ಬೆಳಗಾಗುವಷ್ಟರಲ್ಲಿ ಯಾರು ನಾಸ್ತಿಕರು ಎಂಬ ಪಂಚಾಯಿತಿಯಾಗುತ್ತದೆ. ಮನೆಗೆ ಒಯ್ದು ಗುರುತು ಕೂಡಿಸಿ, ಮನಸ್ಸು ಬದಲಾದವರು ಎಷ್ಟು ಎಂಬುದನ್ನು ಬರೆದುಕೊಂಡು ಕಾಗದ ಸುಟ್ಟುಬಿಡಿ.

ಎಲ್ಲರೂ ಏಳುವ ಮುಂಚೆ ಇನ್ನೊಂದು ಪ್ರಶ್ನೆ ಇದೆ, ಗುಟ್ಟು ಉಳಿಯಬೇಕಾದ್ದರಿಂದ ಎಲ್ಲರಿಗೂ ಸೇರಿಸಿಯೇ ಕೇಳಿ: “ನೀವು ಹೋದ ಮ್ಯಾಲ ನಿಮ್ಮ ಹೆಸರಿಲೆ ಮಕ್ಕಳು ಎಡಿ ಇಡಬೇಕೋ, ಬ್ಯಾಡೋ?” ನಮಾಜು ಮಾಡುವ ಮನೆಯವರಿಗೆ ಎಡೆಯ ಬದಲು ಫಾತಿಹಾ ಎನ್ನಿ. ಬದುಕು ಬೇಡ ಎಂದವರೂ ಎಡೆ ಬೇಕು ಎನ್ನಬಹುದು. ಯಾಕೆ ಎಂದು ಕೇಳಿ, ಹತ್ತು ಉಸಿರು ಕಾಯಿರಿ, ಬಂದ ಮಾತನ್ನು ಒಂದಕ್ಷರ ತಿದ್ದದೆ ಬರೆದುಕೊಳ್ಳಿ.