ಟೊರಿನೊಗೆ ಬಂದಿದ್ದೀರಾ? ಮೊದಲು ನೊಚ್ಚೋಲ ತಿನ್ನಿ

ಪ್ರತಿ ಸೆಪ್ಟೆಂಬರಿನಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರು ಒಂದಷ್ಟು ಜನ ಇಟಲಿಯ ಈ ಟೊರಿನೊ (ಟ್ಯೂರಿನ್) ಊರಿನ ಪಾಲಿಟೆಕ್ನಿಕ್‌ಗೆ, ಅಂದರೆ ಎಂಜಿನಿಯರಿಂಗ್ ವಿಶ್ವವಿದ್ಯಾಲಯಕ್ಕೆ, ಓದಲು ಬಂದಿಳಿಯುತ್ತಾರೆ. ಮೊದಲ ವಾರ ಅವರ ಪ್ರಶ್ನೆಗಳೆಲ್ಲ ಹೊಟ್ಟೆಪಾಡಿನವು. ಬಾಡಿಗೆ ರೂಮು ಎಲ್ಲಿ, ಸಿಮ್ ಯಾವುದು, ತೊಗರಿಬೇಳೆ ಎಲ್ಲಿ ಸಿಗುತ್ತದೆ. ಬೇಳೆಗೆ ಪೋರ್ತಾ ಪಲಾತ್ಸೊ ಮಾರ್ಕೆಟ್ಟಿನ ಸುತ್ತಮುತ್ತ ಹುಡುಕಿ ಅಂತ ಹೇಳಿ ಕಳಿಸುತ್ತೇನೆ. ಎರಡನೇ ವಾರಕ್ಕೆ ಸ್ವಲ್ಪ ಉಸಿರು ಬಂದಿರುತ್ತದೆ. ಆಗ ಮೆಸೇಜು ಬರುತ್ತದೆ: "ಅಣ್ಣಾ, ಇಲ್ಲಿ ಒಳ್ಳೆ ಜೆಲಾಟೊ ಎಲ್ಲಿ?" ಜೆಲಾಟೊ ಅಂದರೆ ಇಟಲಿಯ ಐಸ್‌ಕ್ರೀಂ.

ಒಬ್ಬೊಬ್ಬರಿಗೂ ಬರೆದು ಸಾಕಾಗಿದೆ. ಹಾಗಾಗಿ ಒಂದೇ ಸಲ ಎಲ್ಲ ಬರೆದಿಡುತ್ತಿದ್ದೇನೆ.

ನಾನು ಮಂಗಳೂರಿನವನು. ನಮಗೆ ಐಸ್‌ಕ್ರೀಂ ಅಂದರೆ ಗಡ್‌ಬಡ್. ಉದ್ದ ಗ್ಲಾಸು, ಉದ್ದ ಚಮಚ, ಕೆಳಗೆ ಜೆಲ್ಲಿ, ನಡುವೆ ಹಣ್ಣು, ಮೇಲೆ ಗೋಡಂಬಿ. ಆ ತಲೆಯಲ್ಲೇ ಇಲ್ಲಿ ಮೊದಲ ಸಲ ಅಂಗಡಿಗೆ ಹೋಗಿ ಹಳದಿ ಬಣ್ಣ ಕಂಡ ಕೂಡಲೇ ಮಾವಿನಹಣ್ಣಿನದು ಕೊಡಿ ಅಂದೆ. ಬಾಯಿಗಿಟ್ಟರೆ ಸೆಂಟು ಬೆರೆಸಿದ ಸಕ್ಕರೆ ನೀರು. ತಪ್ಪು ಅಂಗಡಿಯದಲ್ಲ ಮಾರಾಯ್ರೆ, ನನ್ನದು. ಆಲ್ಪ್ಸ್ ಬೆಟ್ಟ ಕಾಣುವ ಊರಿನಲ್ಲಿ ನಿಂತು ಯಾರಾದರೂ ಮಾವಿನಹಣ್ಣು ಕೇಳುತ್ತಾರಾ? ನಮ್ಮಿಂದ ಬಂದ ಹತ್ತರಲ್ಲಿ ಎಂಟು ಜನ ಇದೇ ತಪ್ಪು ಮಾಡುವುದನ್ನು ಆಮೇಲೆ ನೋಡಿದ್ದೇನೆ. ಒಳ್ಳೆ ಅಂಗಡಿಗೇ ಹೋಗಿರುತ್ತಾರೆ, ಬೇಡದ್ದನ್ನು ಆರಿಸಿರುತ್ತಾರೆ. ಆಮೇಲೆ "ಅಷ್ಟೇನೂ ಚೆನ್ನಾಗಿಲ್ಲ" ಅನ್ನುತ್ತಾರೆ.

ಇದು ಹೇಜಲ್‌ನಟ್ಟಿನ ಸೀಮೆ. ಊರಿನ ದಕ್ಷಿಣಕ್ಕೆ ಲಾಂಗೆ ಅಂತ ಗುಡ್ಡಗಳ ಸಾಲು ಉಂಟು. ಒಂದು ಕಡೆ ದ್ರಾಕ್ಷಿ ಬಳ್ಳಿ, ಇನ್ನೊಂದು ಕಡೆ ಹೇಜಲ್‌ನಟ್ ಗಿಡ. ಅಲ್ಲಿನ ತಳಿಗೆ ತೊಂದಾ ಜೆಂತೀಲೆ ಅಂತ ಹೆಸರು. ದುಂಡಗಿನ ಕಾಯಿ. ಹುರಿದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ, ಘಮ ಬೀದಿಯವರೆಗೆ ಬರುತ್ತದೆ. ನಿಮ್ಮ ಮನೆಯ ಮಕ್ಕಳು ಚಪಾತಿಗೆ ಬಳಿದು ತಿನ್ನುವ ನ್ಯೂಟೆಲ್ಲಾ ಹುಟ್ಟಿದ್ದೂ ಇದೇ ಗುಡ್ಡಗಳ ನಡುವಿನ ಆಲ್ಬಾ ಊರಿನಲ್ಲಿ, 1964ರಲ್ಲಿ. ಅದಕ್ಕೂ ಹಿಂದಿನ ಕಥೆ ಒಂದಿದೆ. ನೆಪೋಲಿಯನ್ ಕಾಲದಲ್ಲಿ ಹಡಗುಗಳಿಗೆ ತಡೆ ಬಿದ್ದು ಕೋಕೋ ದುಬಾರಿಯಾಯಿತು. ಇಲ್ಲಿನ ಚಾಕೊಲೇಟ್ ಮಾಡುವವರು ಕೋಕೋ ಕಡಿಮೆ ಮಾಡಿ ಹೇಜಲ್‌ನಟ್ ಅರೆದು ಸೇರಿಸಿದರು. ಕೊರತೆಗೆ ಅಂತ ಮಾಡಿದ್ದು ಮೂಲಕ್ಕಿಂತ ರುಚಿಯಾಯಿತು. 1865ರಲ್ಲಿ ಕಫಾರೆಲ್ ಕಂಪನಿಯವರು ಆ ಚಾಕೊಲೇಟಿಗೆ ಇಲ್ಲಿನ ಕಾರ್ನಿವಲ್ ವೇಷ ಜಂದೂಯನ ಹೆಸರಿಟ್ಟರು. ಹಾಗಾಗಿ ಈ ಊರಿನ ಎಲ್ಲ ಜೆಲಾಟೊ ಅಂಗಡಿಗಳಲ್ಲೂ ಎರಡು ರುಚಿ ಇದ್ದೇ ಇರುತ್ತವೆ. ಬರೀ ಹೇಜಲ್‌ನಟ್ಟಿನದು ನೊಚ್ಚೋಲ. ಚಾಕೊಲೇಟ್ ಸೇರಿದ್ದು ಜಂದೂಯ.

ಹೊಸ ಹೋಟೆಲಿಗೆ ಹೋದರೆ ನಾವು ಮೊದಲು ಇಡ್ಲಿ ಸಾಂಬಾರು ತಿಂದು ನೋಡುವುದಿಲ್ಲವಾ? ಇಲ್ಲೂ ಹಾಗೇ. ಹೊಸ ಅಂಗಡಿಯಲ್ಲಿ ನಾನು ಚಿಕ್ಕ ಕಪ್ಪಿನಲ್ಲಿ ನೊಚ್ಚೋಲ ಮತ್ತು ಫಿಯೋರ್ ದಿ ಲಾತ್ತೆ ತಗೊಳ್ಳುತ್ತೇನೆ. ಎರಡನೆಯದು ಬರೀ ಹಾಲು, ಕೆನೆ, ಸಕ್ಕರೆ. ಹಾಲು ಚೆನ್ನಾಗಿಲ್ಲದಿದ್ದರೆ ಮುಚ್ಚಿಡಲು ಅದರಲ್ಲಿ ಬೇರೇನೂ ಇಲ್ಲ. ನೊಚ್ಚೋಲ ಹಾಲು ಜಾಸ್ತಿ ಬಿದ್ದ ಟೀ ಬಣ್ಣಕ್ಕಿರಬೇಕು. ಕಡಲೆಕಾಯಿ ಹುರಿಯುವಾಗ ಬರುತ್ತದಲ್ಲ, ಆ ಜಾತಿಯ ಪರಿಮಳ ಬರಬೇಕು. ಬಿಸ್ಕೆಟ್ಟಿನ ವಾಸನೆ ಬಂದರೆ ಬೇಡ.

ತಿನ್ನುವ ಮೊದಲೇ ಕಣ್ಣಿಗೆ ಕಾಣುವ ಗುರುತುಗಳೂ ಇವೆ. ಗಾಜಿನ ಹಿಂದೆ ಗೋಪುರದ ಥರ ಉಬ್ಬಿಸಿ, ಮೇಲೆ ಹಣ್ಣು, ಛತ್ರಿ ಎಲ್ಲ ಚುಚ್ಚಿಟ್ಟಿದ್ದರೆ ಮುಂದೆ ನಡೆಯಿರಿ. ನಿಜವಾದ ಜೆಲಾಟೊದಲ್ಲಿ ಗಾಳಿ ಕಡಿಮೆ, ಅದು ಅಷ್ಟೆತ್ತರ ನಿಲ್ಲುವುದಿಲ್ಲ. ಪಿಸ್ತಾ ಗಿಳಿ ಹಸಿರಿದ್ದರೆ ಅದು ಬಣ್ಣದ ಡಬ್ಬಿಯ ಕೆಲಸ. ಅರೆದ ಪಿಸ್ತಾ ಮಾಸಲು ಹಸಿರು, ಸ್ವಲ್ಪ ಕಂದು. ಬಾಳೆಹಣ್ಣಿನದು ಹಳದಿ ಇರಬಾರದು, ಬೂದು ಮಿಶ್ರಿತ ಬಿಳಿ ಇರಬೇಕು. ಬಾಳೆಹಣ್ಣು ಹಿಚುಕಿ ಐದು ನಿಮಿಷ ಇಟ್ಟವರಿಗೆ ಇದು ಗೊತ್ತು. ಕಡುನೀಲಿ ಬಣ್ಣದ್ದೊಂದು ಕಾಣುತ್ತದೆ, ಪೂಫೊ ಅಂತ. ಅದು ಮಕ್ಕಳಿಗೆ. ಕೆಲವು ಅಂಗಡಿಗಳಲ್ಲಿ ಏನೂ ಕಾಣುವುದೇ ಇಲ್ಲ, ಬರೀ ಸ್ಟೀಲ್ ಮುಚ್ಚಳಗಳ ಸಾಲು. ಅವಕ್ಕೆ ಪೊತ್ಸೆತ್ತಿ ಅನ್ನುತ್ತಾರೆ. ಅಂಥ ಕಡೆ ಹೆದರಬೇಡಿ, ಸಾಮಾನ್ಯವಾಗಿ ಸರಕು ಚೆನ್ನಾಗಿರುತ್ತದೆ. ಇನ್ನು ಬೋರ್ಡಿನ ಮೇಲೆ 'ಅರ್ತಿಜನಾಲೆ' ಅಂತ ಬರೆದಿದ್ದರೆ, ಅಂದರೆ ಕೈಯಲ್ಲಿ ಮಾಡಿದ್ದು ಅಂತ, ಅದನ್ನು ಸುಮ್ನೆ ಓದಿಕೊಳ್ಳಿ ಅಷ್ಟೆ. ನಮ್ಮಲ್ಲಿ 'ಶುಚಿ ರುಚಿ' ಅಂತ ಬರೆಯದ ಹೋಟೆಲ್ ಉಂಟಾ?

ಈಗ ಅಂಗಡಿಗಳು. ಭಾನುವಾರ ಮಧ್ಯಾಹ್ನ ಹೊರಡಿ, ನಡೆದೇ ಹೋಗಬಹುದು.

ಪಿಯಾತ್ಸಾ ಕರಿನ್ಯಾನೊದಿಂದ ಶುರು ಮಾಡಿ. ಈಜಿಪ್ಟ್ ಮ್ಯೂಸಿಯಂ ಪಕ್ಕದಲ್ಲೇ. ಎದುರಿಗೆ ಅಲೆಅಲೆಯಾಗಿ ಬಾಗಿದ ಇಟ್ಟಿಗೆ ಅರಮನೆ, ಇಟಲಿಯ ಮೊದಲ ಸಂಸತ್ತು 1861ರಲ್ಲಿ ಸೇರಿದ್ದು ಅಲ್ಲೇ. ಅದೇ ಚೌಕದಲ್ಲಿ ಪೆಪೀನೊ ಉಂಟು. 1884ರ ಅಂಗಡಿ, ನೇಪಲ್ಸ್‌ನಿಂದ ಬಂದವರು ಶುರು ಮಾಡಿದ್ದು. ಇಲ್ಲಿ ತಿನ್ನಬೇಕಾದ್ದು ಪಿಂಗ್ವೀನೊ. ಕಡ್ಡಿಗೆ ಸಿಕ್ಕಿಸಿ ಮೇಲೆ ಚಾಕೊಲೇಟ್ ಹೊದಿಸಿದ್ದು. ಬಿಳಿ ಹೊಟ್ಟೆ, ಕರಿ ಕೋಟು, ಹೆಸರು ಪೆಂಗ್ವಿನ್. 1939ರಲ್ಲೇ ಪೇಟೆಂಟ್ ಮಾಡಿಸಿದ್ದಾರೆ. ನಾವು ಚಿಕ್ಕವರಿದ್ದಾಗ ತಳ್ಳುಗಾಡಿಯಿಂದ ತಿಂದ ಚೋಕೋಬಾರಿನ ಅಜ್ಜ ಅನ್ನಿ. ವಯೊಲೆಟ್ ಹೂವಿನ ರುಚಿಯದೂ ಒಂದಿದೆ. ಒಂದು ಸಲಕ್ಕೆ ಸರಿ, ನನಗೆ ಊದಿನಕಡ್ಡಿ ನೆನಪಾಯಿತು. ಕಡ್ಡಿಯನ್ನು ಕೈಯಲ್ಲಿ ಹಿಡಿದು ಹೊರಗೆ ಬನ್ನಿ, ಮೇಜಿಗೆ ಕೂರಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅಲ್ಲಿಂದ ಪಿಯಾತ್ಸಾ ಕಸ್ತೆಲ್ಲೊ ದಾಟಿ ವಿಯಾ ಪೊ ರಸ್ತೆಗೆ ಬನ್ನಿ. ಎರಡೂ ಬದಿಗೆ ಕಮಾನಿನ ಮೊಗಸಾಲೆ, ಮಳೆ ಬಂದರೂ ನೆನೆಯುವುದಿಲ್ಲ. ಎಡಕ್ಕೋ ಬಲಕ್ಕೋ ಅಂತ ಪರದಾಡಬೇಡಿ, ಶುರುವಿನಲ್ಲೇ 8ನೇ ನಂಬರಿನಲ್ಲಿ ಫಿಯೋರಿಯೊ ಸಿಗುತ್ತದೆ. 1780ರ ಕಾಫಿ ಮನೆ. ಇಟಲಿಯನ್ನು ಒಂದು ಮಾಡಿದ ಕವೂರ್ ಇಲ್ಲಿಗೆ ಬರುತ್ತಿದ್ದರಂತೆ. ನಮಗೆ ಬೇಕಾದ್ದು ಇಲ್ಲಿನ ಜಂದೂಯ. ಗಟ್ಟಿ, ದಪ್ಪ, ಚಮಚಕ್ಕೆ ಅಂಟುವಂಥದ್ದು. ಒಂದೇ ಒಂದು ಜಂದೂಯ ತಿನ್ನಲು ಸಮಯ ಇದ್ದರೆ ನಾನು ಕಳಿಸುವುದು ಇಲ್ಲಿಗೇ. ಇದಕ್ಕಿಂತ ಚೆನ್ನಾಗಿರುವುದು ಬೇರೆ ಕಡೆ ಉಂಟು ಅಂತ ವಾದಿಸುವವರಿದ್ದಾರೆ. ಇರಲಿ ಬಿಡಿ.

ಅದೇ ರಸ್ತೆಯಲ್ಲಿ ಇಳಿದರೆ ದೊಡ್ಡ ಚೌಕ, ಆಮೇಲೆ ಪೊ ನದಿ. ನದಿ ದಂಡೆ ಹಿಡಿದು ವಲೆಂತೀನೊ ಪಾರ್ಕಿನೊಳಗೆ ನಡೆದರೆ ಹೊಟ್ಟೆಯಲ್ಲಿ ಮತ್ತೆ ಜಾಗ ಆಗುತ್ತದೆ. ಪಾರ್ಕಿನ ಈಚೆಗೆ ಸಾನ್ ಸಲ್ವಾರಿಯೊ ಬಡಾವಣೆ. ನಿಮ್ಮಲ್ಲಿ ಅರ್ಧ ಜನ ಬಾಡಿಗೆಗೆ ಇರುವುದು ಅಲ್ಲೇ ಇರಬೇಕು. ಅಲ್ಲಿ ವಿಯಾ ಬೆರ್ತೊಲೆಯಲ್ಲಿ ಮಾರಾ ದೆಯಿ ಬೊಸ್ಕಿ. ಹೊಸ ತಲೆಮಾರಿನ ಅಂಗಡಿ, ಹುಡುಗರ ಗುಂಪು ಜಾಸ್ತಿ. ಪೋರ್ತಾ ನೊವಾ ಸ್ಟೇಷನ್ನಿನ ಹತ್ತಿರ, ಕೊರ್ಸೊ ವಿತ್ತೋರಿಯೊದಲ್ಲಿ ಅಲ್ಬೆರ್ತೊ ಮಾರ್ಕೆತ್ತಿ. ನನ್ನ ಹೆಂಡತಿಯ ಓಟು ಇದಕ್ಕೆ. ರೈಲಿನಿಂದ ಇಳಿದು ಲಗೇಜು ಎಳೆದುಕೊಂಡೇ ಅಲ್ಲಿಗೆ ಹೋಗಿದ್ದೇವೆ.

ಗ್ರೊಮ್ ಅನ್ನುವ ಜೆಲಾಟೊ ಕಂಪನಿಯ ಹೆಸರನ್ನು ಕೆಲವರು ಊರಿನಲ್ಲೇ ಕೇಳಿ ಬಂದಿರುತ್ತಾರೆ. ಅದು ಹುಟ್ಟಿದ್ದು 2003ರಲ್ಲಿ ಇದೇ ಊರಿನಲ್ಲಿ. 2015ರಲ್ಲಿ ಯೂನಿಲಿವರ್ ಕೊಂಡುಕೊಂಡಿತು. ಅದನ್ನು ಹುಡುಕಿಕೊಂಡು ಹೋಗುವ ಅಗತ್ಯ ಇಲ್ಲ.

ಕೊಳ್ಳುವ ಕ್ರಮ

ನನ್ನ ಮೊದಲ ತಿಂಗಳ ಮರ್ಯಾದೆ ಹೋದದ್ದು ಇಲ್ಲೇ. ಕೌಂಟರಿನಲ್ಲಿ ಹತ್ತು ನಿಮಿಷ ನಿಂತಿದ್ದೆ, ಯಾರೂ ಕೇಳಲಿಲ್ಲ. ಬಣ್ಣ ನೋಡಿ ಹೀಗೆ ಮಾಡುತ್ತಿದ್ದಾರೆ ಅಂತ ಮನಸ್ಸಿನಲ್ಲೇ ಸಿಟ್ಟು. ಆಮೇಲೆ ಒಬ್ಬ ಅಜ್ಜಿ ನನ್ನ ತೋಳು ಹಿಡಿದು ಗಲ್ಲಾಪೆಟ್ಟಿಗೆಯ ಕಡೆ ತಿರುಗಿಸಿದರು. ತುಂಬ ಕಡೆ ಮೊದಲು ದುಡ್ಡು ಕೊಟ್ಟು ಚೀಟಿ ತಗೊಳ್ಳಬೇಕು, ನಮ್ಮ ದರ್ಶಿನಿಗಳ ಹಾಗೆ. ಚೀಟಿಗೆ ಸ್ಕೊಂತ್ರೀನೊ ಅಂತಾರೆ. ಕೆಲವು ಕಡೆ ಬ್ಯಾಂಕಿನ ಥರ ನಂಬರ್ ಹರಿದುಕೊಳ್ಳಬೇಕು. ಕ್ಯೂ ಕಾಣದಿದ್ದರೆ ಗೋಡೆಯ ಮೇಲೆ ನಂಬರಿನ ಯಂತ್ರ ಇದೆಯಾ ನೋಡಿ.

ಕಪ್ಪು ಬೇಕಿದ್ದರೆ ಕೊಪ್ಪೆತ್ತ, ಕೋನ್ ಬೇಕಿದ್ದರೆ ಕೋನೊ. ಚಿಕ್ಕದು ಅಂದರೆ ಪಿಕ್ಕೊಲೊ. ಅದಕ್ಕೆ ಮೂರು ಯೂರೋ ಆಸುಪಾಸು ಇಟ್ಟುಕೊಳ್ಳಿ. ಚಿಕ್ಕದರಲ್ಲೂ ಎರಡು ರುಚಿ ಹಾಕಿಸಿಕೊಳ್ಳಬಹುದು. 'ದುವೆ ಗುಸ್ತಿ' ಅನ್ನಿ. ಗುಸ್ತಿ ಅಂದರೆ ರುಚಿಗಳು, ಕುಸ್ತಿಗೆ ಕರೆಯುತ್ತಿಲ್ಲ. ಕೊನೆಗೆ 'ಪಾನ್ನ?' ಅಂತ ಕೇಳುತ್ತಾರೆ. ಅದು ಹೊಡೆದು ಉಬ್ಬಿಸಿದ ಕೆನೆ. ಕೆಲವು ಕಡೆ ಬಿಟ್ಟಿ, ಕೆಲವು ಕಡೆ ಬೇರೆ ದುಡ್ಡು. ಒಂದು ಚಮಚ ರುಚಿ ನೋಡಲು ಕೇಳಿದರೆ ಕೊಡುತ್ತಾರೆ. ಹಿಂದೆ ಇಪ್ಪತ್ತು ಜನ ನಿಂತಿರುವಾಗ ಆರು ರುಚಿ ನೋಡಬೇಡಿ, ಅಷ್ಟೆ.

ಕೂರುವ ವಿಷಯ. ಊರಿನ ನಡುವಿನ ಒಂದು ಚೌಕದಲ್ಲಿ ಅಪ್ಪ ಅಮ್ಮನನ್ನು ಕೂರಿಸಿ ಮೂರು ಕಪ್ಪು ತರಿಸಿದೆ. ಬಿಲ್ಲು ನೋಡಿದರೆ ನಿಂತು ತಿನ್ನುವುದರ ಎರಡು ಪಟ್ಟಿಗಿಂತ ಜಾಸ್ತಿ. ಮೋಸ ಏನಲ್ಲ. ಮೇಜಿನ ರೇಟು ಬೇರೆ, ನಿಂತು ತಿನ್ನುವ ರೇಟು ಬೇರೆ. ದರಪಟ್ಟಿಯಲ್ಲಿ ಬರೆದೇ ಇತ್ತು, ನಾನು ಓದಿರಲಿಲ್ಲ. ಅಪ್ಪ ಅದನ್ನು ರೂಪಾಯಿಗೆ ಲೆಕ್ಕ ಹಾಕಿದರು. ಆ ಲೆಕ್ಕ ಮಂಗಳೂರಿನ ಮದುವೆ ಮನೆಗಳಲ್ಲಿ ಇವತ್ತಿಗೂ ಓಡಾಡುತ್ತಿದೆ.

ಮೊಟ್ಟೆ ತಿನ್ನದವರಿಗೆ

ಇದನ್ನು ದಯವಿಟ್ಟು ಸರಿಯಾಗಿ ಓದಿಕೊಳ್ಳಿ. 'ವೆಜಿಟೇರಿಯನ್' ಅಂತ ಹೇಳಿದರೆ ಇಲ್ಲಿ ಮಾಂಸ, ಮೀನು ಬೇಡ ಅಂತ ಮಾತ್ರ ಅರ್ಥ. ಮೊಟ್ಟೆ ಅವರ ಲೆಕ್ಕದಲ್ಲಿ ಸಸ್ಯಾಹಾರವೇ. ಕ್ರೇಮ ಅಂತ ಬರೆದ ತಿಳಿಹಳದಿಯದು ಬರೀ ಕೆನೆ ಅಂದುಕೊಂಡು ತಿನ್ನುತ್ತಾರೆ, ಅದರಲ್ಲಿ ಮೊಟ್ಟೆಯ ಹಳದಿ ಇರುತ್ತದೆ. ಜಬಯೋನೆ ಅಂದರೆ ಮೊಟ್ಟೆ ಮತ್ತು ಮರ್ಸಾಲ ವೈನ್ ಎರಡೂ. ತಿರಮಿಸುವಿನಲ್ಲೂ ಮೊಟ್ಟೆ, ಕೆಲವು ಸಲ ಮದ್ಯ. ಮಾಲಗ ಅಂದರೆ ರಮ್ಮಿನಲ್ಲಿ ನೆನೆಸಿದ ಒಣದ್ರಾಕ್ಷಿ. ಮದ್ಯ ಮುಟ್ಟದವರು ಈ ಹೆಸರುಗಳನ್ನು ನೆನಪಿಟ್ಟುಕೊಂಡರೆ ಸಾಕು. ಫಿಯೋರ್ ದಿ ಲಾತ್ತೆ, ನೊಚ್ಚೋಲ ಸಾಮಾನ್ಯವಾಗಿ ಮೊಟ್ಟೆ ಇಲ್ಲದೆ ಮಾಡುತ್ತಾರೆ, ಆದರೆ ಅಂಗಡಿಯಿಂದ ಅಂಗಡಿಗೆ ಬೇರೆ. 'ಸೆನ್‌ತ್ಸಾ ಉವೋವಾ?' ಅಂತ ಕೇಳಿ, ಮೊಟ್ಟೆ ಇಲ್ಲದ್ದಾ ಅಂತ. ಮಾತು ಬಾರದಿದ್ದರೂ ದಾರಿ ಇದೆ. ಯುರೋಪಿನ ಕಾನೂನಿನ ಪ್ರಕಾರ ಅಲರ್ಜಿ ತರುವ 14 ಪದಾರ್ಥಗಳು ಯಾವುದರಲ್ಲಿವೆ ಅಂತ ಅಂಗಡಿಯವರು ತಿಳಿಸಲೇಬೇಕು. ಮೊಟ್ಟೆ, ಹಾಲು, ನಟ್ಟುಗಳು ಆ 14ರಲ್ಲಿ ಸೇರಿವೆ. 'ಅಲ್ಲೆರ್ಜೆನಿ' ಅಂತ ಕೇಳಿದರೆ ಪಟ್ಟಿ ತೋರಿಸುತ್ತಾರೆ. ನಾಚಿಕೆ ಬೇಡ, ಇಲ್ಲಿನವರೂ ಕೇಳುತ್ತಾರೆ. ಹಾಲೂ ಬೇಡದವರಿಗೆ ಸೊರ್ಬೆತ್ತೊ, ನೀರು ಹಣ್ಣು ಸಕ್ಕರೆ. ನಿಂಬೆಹಣ್ಣಿನದು ಯಾವತ್ತೂ ಕೈ ಕೊಟ್ಟಿಲ್ಲ.

ಹಣ್ಣಿನವನ್ನು ಕಾಲ ನೋಡಿ ತಿನ್ನಿ. ಸ್ಟ್ರಾಬೆರಿ ವಸಂತಕ್ಕೆ, ಪೀಚ್ ಬೇಸಿಗೆಗೆ, ಅಂಜೂರ ಬೇಸಿಗೆ ಮುಗಿಯುವಾಗ, ಆಮೇಲೆ ಚೆಸ್ಟ್‌ನಟ್. ಡಿಸೆಂಬರಿನಲ್ಲಿ ಸ್ಟ್ರಾಬೆರಿ ಕಂಡರೆ ಆ ಅಂಗಡಿಯ ಬಗ್ಗೆ ನನಗೆ ಅನುಮಾನ. ಆಗಸ್ಟ್ ಮಧ್ಯದಲ್ಲಿ ಊರೇ ರಜಾ ಹೋಗುತ್ತದೆ. ಮೊದಲು ಇಲ್ಲಿನ ಫಿಯಟ್ ಕಾರ್ ಫ್ಯಾಕ್ಟರಿ ರಜಾಕ್ಕೆ ಮುಚ್ಚುತ್ತಿದ್ದ ತಿಂಗಳು ಅದು, ಅಭ್ಯಾಸ ಹಾಗೇ ಉಳಿದಿದೆ. 'ಕ್ಯೂಸೊ ಪೆರ್ ಫೆರಿಯೆ' ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದರೆ ರಜಾ ಅಂತ. ಬೇರೆ ಊರಿನಿಂದ ನೆಂಟರನ್ನು ಆ ವಾರ ಕರೆಸಿಕೊಳ್ಳಬೇಡಿ.

ಯಾರದಾದರೂ ಮನೆಗೆ ಊಟಕ್ಕೆ ಕರೆದರೆ ವಸ್ಕೆತ್ತ ತಗೊಂಡು ಹೋಗಿ. ಥರ್ಮೋಕೋಲ್ ಡಬ್ಬಿಯಲ್ಲಿ ತೂಕಕ್ಕೆ ತುಂಬಿ ಕಟ್ಟಿಕೊಡುತ್ತಾರೆ. ಕಿಲೋಗೆ ಇಪ್ಪತ್ತು ಯೂರೋ ದಾಟುತ್ತದೆ, ಆದರೆ ಅರ್ಧ ಕಿಲೋ ನಾಲ್ಕು ಜನರಿಗೆ ಧಾರಾಳ. ಕಪ್ಪುಗಳಿಗಿಂತ ಅಗ್ಗ. ಕಳೆದ ಯುಗಾದಿಗೆ ಹೋಳಿಗೆ ಬಿಸಿ ಮಾಡಿ ಪಕ್ಕಕ್ಕೆ ಒಂದು ಚಮಚ ಫಿಯೋರ್ ದಿ ಲಾತ್ತೆ ಹಾಕಿದೆವು. ತುಪ್ಪ ಕೇಳಿದ್ದು ಒಬ್ಬರೇ.

ಕೊನೆಗೆ ನೀರು. ಒಳ್ಳೆ ಜೆಲಾಟೊ ತಿಂದರೆ ಬಾಯಾರುವುದಿಲ್ಲ ಅಂತ ಇಲ್ಲಿ ಹೇಳುತ್ತಾರೆ. ನನಗಂತೂ ಎಲ್ಲಿ ತಿಂದರೂ ಬಾಯಾರುತ್ತದೆ. ಅದಕ್ಕೆ ಬಾಟಲಿ ಕೊಳ್ಳಬೇಡಿ. ಬೀದಿ ಬೀದಿಯಲ್ಲಿ ಹಸಿರು ಕಬ್ಬಿಣದ ಚಿಕ್ಕ ಕಂಬಗಳಿವೆ, ಅದರಲ್ಲಿ ಗೂಳಿಯ ತಲೆ, ಗೂಳಿಯ ಬಾಯಿಂದ ಕುಡಿಯುವ ನೀರು. ತೊರೆತ್ ಅಂತ ಕರೆಯುತ್ತಾರೆ. ಮಲ್ಲೇಶ್ವರದ ನಂದಿ ತೀರ್ಥ ನೋಡಿದವರು ಮೊದಲ ಸಲ ಕಂಡಾಗ ನಗುತ್ತಾರೆ. ನನ್ನ ಜೊತೆ ಬಂದಿದ್ದ ಬೆಂಗಳೂರಿನ ಹುಡುಗಿಯೊಬ್ಬಳು ಚಪ್ಪಲಿ ಬಿಟ್ಟೇ ಕುಡಿದಳು. ಕೋನ್ ಹಿಡಿದ ಕೈ ಅಂಟಂಟಾಗಿರುತ್ತದೆ, ತೊಳೆದುಕೊಳ್ಳಲೂ ಅದೇ ಸಾಕು.