ಮುಸ್ಸಂಜೆ ಓಟದ ಮುಧೋಳ ನಾಯಿ: ಮಸುಕು ಹೋಗಿದ್ದು ಹೀಗೆ

ಮುಸ್ಸಂಜೆಯಲ್ಲಿ ಓಡುವ ಮುಧೋಳ ನಾಯಿಯ ಫೋಟೊ ಮಸುಕಾಗಿ ಬರುತ್ತಿತ್ತು. ಫೋಕಸ್ ಕೈಕೊಡುತ್ತಿದೆ ಅಂದುಕೊಂಡಿದ್ದೆ, ತಪ್ಪು ಬೆಳಕು ಒಳಬಿಡಲು ತೆರೆದು ಮುಚ್ಚುವ ಪರದೆಯಾದ ಶಟರ್‌ನದು. ಫೋಟೊ ಹಿಗ್ಗಿಸಿ ನೋಡಿ: ನಾಯಿಯ ಹಿಂದಿನ ಹುಲ್ಲು ಚೂಪಾಗಿದ್ದರೆ ಫೋಕಸ್ ಜಾರಿದೆ, ಬೆನ್ನು ಚೂಪಾಗಿದ್ದು ಪಂಜ ಮಾತ್ರ ಗೀರು ಎಳೆದಂತಿದ್ದರೆ ಶಟರ್ ನಿಧಾನ.

ಶಟರ್ ವೇಗವನ್ನು 1/320 ಸೆಕೆಂಡಿನಿಂದ 1/1000ಕ್ಕೆ ಏರಿಸಿದೆ. ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಎಫ್ 2.8; ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒ ಆಟೊ, ಮಿತಿ 12800. ಫೋಟೊ ಕಾಳುಕಾಳಾದರೆ ಆಗಲಿ! ಐಎಸ್‌ಒ ಇಳಿಸಿ, ಕತ್ತಲಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿದರೆ ಹಲವು ಕ್ಯಾಮೆರಾಗಳಲ್ಲಿ ನೆರಳಿನ ಭಾಗ ಇನ್ನೂ ಹದಗೆಡುತ್ತದೆ.

ಫೋಕಸ್ ಕಂಟಿನ್ಯೂಯಸ್ (ಚಲಿಸುವುದನ್ನು ಬಿಡದೆ ಹಿಂಬಾಲಿಸುವ ಬಗೆ), ಫೋಕಸ್ ಹುಡುಕುವ ಚೌಕ ಅಂದರೆ ಝೋನ್ ಚಿಕ್ಕದು. ನಾಯಿ ಮೂವತ್ತು ಮೀಟರ್ ದೂರವಿರುವಾಗಲೇ ಫೋಕಸ್ ಅದನ್ನು ಹಿಡಿದುಕೊಳ್ಳಬೇಕು. ಕಂದು ಮೈಗಿಂತ ಕೆಂಪು ಕತ್ತುಪಟ್ಟಿಯನ್ನು ಕ್ಯಾಮೆರಾ ಬೇಗ ಕಚ್ಚುತ್ತದೆ. ಪಡುವಣಕ್ಕೆ ಬೆನ್ನು ಮಾಡಿ ನಿಂತರೆ ಉಳಿದ ಬೆಳಕೆಲ್ಲ ನಾಯಿಯ ಮುಖಕ್ಕೇ. ನೇರ ಎದುರು ಬರುವ ಓಟ ಬೇಡ, ಓರೆಯಾಗಿ ಓಡಿಸಿ.